ವಾರ ವಾರ ಸೊನ್ನೆ ಬರೆಯುತ್ತಿದ್ದೆ

ಮೂಡಿಗೆರೆ ಕಡೆ ಕಾಫಿ ಕೊಯ್ಲು ಶುರುವಾದರೆ ನಮ್ಮ ಆರೋಗ್ಯ ಉಪಕೇಂದ್ರದ ಪುಸ್ತಕದಲ್ಲಿರುವ ಜನಸಂಖ್ಯೆಯೇ ಬೇರೆ, ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇರುವ ಜನವೇ ಬೇರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಪ್ರತಿ ವಾರದ ವರದಿಯ ಜ್ವರ-ದದ್ದು ಕಾಲಂನಲ್ಲಿ ಸೊನ್ನೆ ಬರೆದು ಕಳಿಸುತ್ತಿದ್ದೆ. ಸುಳ್ಳೇನೂ ಅಲ್ಲ, ನನ್ನ ಹತ್ತಿರ ಯಾರೂ ಬಂದಿರಲಿಲ್ಲ, ಅಷ್ಟೇ.

ಗೊತ್ತಾಗಿದ್ದು ಅಂಗನವಾಡಿ ಟೀಚರ್ ಬಾಯಿಂದ. "ಸಿಸ್ಟರ್, ಲೈನಿನ ಮಕ್ಕಳು ನಾಲ್ಕು ದಿನದಿಂದ ಬಂದಿಲ್ಲ. ಒಂದು ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಾರೆ ನೋಡಿ" ಅಂದರು. ನಮ್ಮಲ್ಲಿ ಸೀತಾಳೆ ಸಿಡುಬು, ದಡಾರ ಎಲ್ಲವೂ "ಅಮ್ಮ"ನೇ ಅಲ್ವಾ. ಅಮ್ಮ ಬಂದ ಮನೆಯವರು ಆಸ್ಪತ್ರೆಗೆ ಬರುವುದಿಲ್ಲ. ಆಶಾ ಅಕ್ಕನ ಜೊತೆ ಸಂಜೆ ಹೋದೆ. ನಾಲ್ಕು ವರ್ಷದ ಹುಡುಗಿ, ಕಣ್ಣು ಕೆಂಪು, ಮೂಗು ಸೋರುತ್ತಿದೆ, ಕೆಮ್ಮು ಬೇರೆ, ಕಿವಿ ಹಿಂದಿನಿಂದ ಶುರುವಾದ ದದ್ದು ಎದೆಗೆ ಇಳಿದಿದೆ, ನೀರು ತುಂಬಿದ ಗುಳ್ಳೆ ಒಂದೂ ಇಲ್ಲ. ಪಕ್ಕದ ಲೈನಿನಲ್ಲಿ "ದಡಾರ ಇದೆಯಾ" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಕೂಲಿಯವರ ಮೇಸ್ತ್ರಿ ಹಿಂದಿಯಲ್ಲಿ "ಮಾತಾ" ಅಂತ ಕೇಳಿದ್ದೇ ತಡ, ಮೂರು ಮನೆಯವರು ಒಳಗೆ ಕರೆದರು.

ಆವತ್ತೇ ವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಜ್ವರದ ಜೊತೆ ಇಂಥ ದದ್ದು ಇದ್ದರೆ ಸಾಕು, ವರದಿ ಮಾಡಬೇಕು. ದಡಾರ ಹೌದೋ ಅಲ್ಲವೋ ಹೇಳುವುದು ಲ್ಯಾಬ್ ಕೆಲಸ, ನನ್ನದಲ್ಲ. ದದ್ದು ಬಂದ 28 ದಿನದ ಒಳಗೆ ರಕ್ತ ತೆಗೆಯಬೇಕು. ಒಂದೇ ಬ್ಲಾಕಿನಲ್ಲಿ 4 ವಾರದಲ್ಲಿ 5 ಕೇಸ್ ಸಿಕ್ಕರೆ ಔಟ್‌ಬ್ರೇಕ್ ಇರಬಹುದು ಅಂತ ಮನೆ ಮನೆ ಸರ್ವೆ. ನಮಗೆ ಎರಡು ಲೈನಿನಲ್ಲೇ ಏಳು ಸಿಕ್ಕವು. ಡಾಕ್ಟರು ಹೇಳಿದಂತೆ ಎರಡು ದಿನ ವಿಟಮಿನ್ ಎ ಕುಡಿಸಿದೆವು. ಬೇವಿನ ಸೊಪ್ಪು ತೆಗೆಸಲು ಹೋಗಲಿಲ್ಲ. "ಇದೂ ಅಮ್ಮನಿಗೆ ತಂಪು" ಅಂತ ಹೇಳಿ ಆಶಾ ಅಕ್ಕ ಕುಡಿಸಿಬಿಟ್ಟರು. ಸರಿಯೋ ತಪ್ಪೋ, ನಾನು ಸುಮ್ನೆ ಇದ್ದೆ.

ಸರ್ವೆಯಲ್ಲಿ ಲಸಿಕೆ ಕಾರ್ಡ್ ನೋಡುತ್ತಾ ಹೋದಾಗ ನಾಚಿಕೆಯಾಯಿತು. ಎಂಆರ್ ಲಸಿಕೆಯ (ದಡಾರಕ್ಕೂ, ದದ್ದು ಬರುವ ಇನ್ನೊಂದು ಕಾಯಿಲೆ ರುಬೆಲ್ಲಾಕ್ಕೂ ಸೇರಿಸಿ ಕೊಡುವ ಲಸಿಕೆ) ಮೊದಲ ಡೋಸ್ 9 ತಿಂಗಳಿಗೆ ಅವರ ಊರಿನಲ್ಲೇ ಆಗಿದೆ. ಎರಡನೆಯದು 16ರಿಂದ 24 ತಿಂಗಳ ನಡುವೆ, ಆಗ ಇವರು ಇಲ್ಲಿ ಕೊಯ್ಲಿನಲ್ಲಿ. ನನ್ನ ಲಸಿಕೆ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಕೊಯ್ದ ಕೆಜಿ ಲೆಕ್ಕದಲ್ಲಿ ಕೂಲಿ ಸಿಗುವಾಗ ಯಾವ ತಾಯಿ ಬರುತ್ತಾಳೆ? ಹಾಗೂ ಬಂದ ಒಬ್ಬಳನ್ನು ನಾನೇ ವಾಪಸ್ ಕಳಿಸಿದ್ದು ನೆನಪಿದೆ. ಎಂಆರ್ ಪುಡಿಗೆ ದ್ರಾವಣ ಬೆರೆಸಿದರೆ 4 ಗಂಟೆ ಮಾತ್ರ, ಉಳಿದದ್ದು ಎಸೆಯಬೇಕು. ಒಂದು ಮಗುವಿಗೆ ಯಾಕೆ ಹಲವು ಮಕ್ಕಳಿಗಾಗುವ ವಯಲ್ (ಲಸಿಕೆ ಸೀಸೆ) ಒಡೆಯುವುದು ಅಂತ "ಮುಂದಿನ ವಾರ ಬಾರಮ್ಮ" ಅಂದಿದ್ದೆ. ಆಕೆ ಬರಲೇ ಇಲ್ಲ. ಈಗ ಒಂದೇ ಮಗು ಬಂದರೂ ಒಡೆಯುತ್ತೇನೆ.

2017ರ ಎಂಆರ್ ಅಭಿಯಾನದಲ್ಲಿ 9 ತಿಂಗಳಿಂದ 15 ವರ್ಷದವರೆಗೆ ಎಲ್ಲರಿಗೂ ಹಾಕಿದ್ದೆವು. ವಾಟ್ಸಾಪ್ ವದಂತಿ ಎಷ್ಟೇ ಇದ್ದರೂ ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಿದ್ದರು. ಲೈನ್ ಮನೆಯಲ್ಲಿ ಯಾರನ್ನು ಸಾಲು ನಿಲ್ಲಿಸುವುದು? ಅದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ಕೇಳಿದೆ. ಪಿಎಫ್ ಲೆಕ್ಕ ಕೇಳಲು ಬಂದೆ ಅಂದುಕೊಂಡರೋ ಏನೋ, ಮೊದಲು ಕೊಡಲಿಲ್ಲ. ಆಮೇಲೆ ಒಂದೊಂದೇ ಹೆಸರು ಓದಿ, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರಿಗೆ ಎಷ್ಟು ಮಕ್ಕಳು, ಯಾವ ವಯಸ್ಸು ಅಂತ ಬರೆದುಕೊಂಡೆವು. ಬಟವಾಡೆ ದಿನ ಸಂಜೆ ಕೂಲಿ ಕೊಡುವ ಮೇಜಿನ ಪಕ್ಕದಲ್ಲೇ ನನ್ನ ಮೇಜು, ವ್ಯಾಕ್ಸಿನ್ ಕ್ಯಾರಿಯರ್. ದುಡ್ಡು ಇಸ್ಕೊಳ್ಳಲು ಎಲ್ಲರೂ ಬರಲೇಬೇಕಲ್ಲ! ಕಾರ್ಡ್ ಕಳೆದುಕೊಂಡವರನ್ನು ಹಾಕಿಸಿಕೊಂಡಿಲ್ಲ ಅಂತಲೇ ಲೆಕ್ಕ ಹಿಡಿದೆವು, ಒಂದು ಡೋಸ್ ಹೆಚ್ಚಾದರೆ ತೊಂದರೆ ಇಲ್ಲ.

ಇಷ್ಟಾದರೂ ನಾವು ತಡವಾಗಿದ್ದೆವು. ದದ್ದು ಏಳುವ 4 ದಿನ ಮೊದಲಿಂದಲೇ ದಡಾರ ಹರಡುತ್ತದೆ, ಲಸಿಕೆ ಇಲ್ಲದ ಜನರ ನಡುವೆ ಒಬ್ಬರಿಂದ 12-18 ಜನಕ್ಕೆ ಹೋಗುತ್ತದೆ. ಎರಡೂ ಡೋಸ್ 95% ಮಕ್ಕಳಿಗೆ ಆಗಿರಬೇಕು ಅನ್ನುವುದು ಅದಕ್ಕೇ.

ಏಳರಲ್ಲಿ ಎರಡು ರಕ್ತ ದಡಾರವೂ ಅಲ್ಲ, ರುಬೆಲ್ಲಾನೂ ಅಲ್ಲ ಅಂತ ಬಂತು. "ಸುಮ್ನೆ ಓಡಾಟ" ಅಂದರು ಜೊತೆಯವರೊಬ್ಬರು. ಹಾಗಲ್ಲ. ವರ್ಷಕ್ಕೆ 1 ಲಕ್ಷ ಜನಕ್ಕೆ ಇಂಥ "ಅಲ್ಲ" ಅಂತ ಬಂದ ಕೇಸ್ ಕನಿಷ್ಠ 2 ಇರಬೇಕು. ಇಲ್ಲದಿದ್ದರೆ ನಾವು ಹುಡುಕುತ್ತಲೇ ಇಲ್ಲ ಅಂತ ಅರ್ಥ. ನನ್ನ ಹಳೆಯ ಸೊನ್ನೆಗಳ ಕಥೆ ಅದೇ ಆಗಿತ್ತು.

ಈಗ ಪ್ರತಿ ಶನಿವಾರ ಮೆಡಿಕಲ್ ಶಾಪಿಗೆ ಒಂದು ಫೋನ್: ಮಕ್ಕಳಿಗೆ ಅಂತ ಯಾರಾದರೂ ದದ್ದಿಗೆ ಹಚ್ಚುವ ಕ್ಯಾಲಮೈನ್ ಲೋಷನ್ ತಗೊಂಡರಾ? ಗುಡಿಯ ಪೂಜಾರಿಗೂ ನನ್ನ ನಂಬರ್ ಕೊಟ್ಟಿದ್ದೇನೆ. ಕಳೆದ ವಾರ ಅವರೇ ಫೋನ್ ಮಾಡಿ, ಅಮ್ಮನಿಗೆ ತಂಪು ಮಾಡಿಸಲು ಒಬ್ಬರು ಬಂದಿದ್ದಾರೆ ಅಂದರು. ಹೋಗಿ ರಕ್ತ ತೆಗೆಸಿ ಕಳಿಸಿದೆ. ಕಾಲಂನಲ್ಲಿ 1 ಬರೆದಿದ್ದೇನೆ. ರಿಪೋರ್ಟ್ ಇನ್ನೂ ಬಂದಿಲ್ಲ.