ಕವಲು ದಾರಿಗಳ ಕಥೆಪುಸ್ತಕ: ನೀವೇ ಮಾಡಿ

ಮಗುವಿನ ಉತ್ತರಕ್ಕೆ ತಕ್ಕಂತೆ ಮುಂದಿನ ಪುಟ ಬದಲಾಗುವ ಕಥೆಪುಸ್ತಕ ಮಾಡಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ಕ್ರಿಸ್ ಕ್ಲಿಮಾಸ್ 2009ರಲ್ಲಿ ರೂಪಿಸಿದ ‘ಟ್ವೈನ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಯುನಿಕೋಡ್ ಕನ್ನಡಕ್ಕೂ ತಕರಾರಿಲ್ಲ.

ಆದರೆ ಕಂಪ್ಯೂಟರ್ ಆಮೇಲೆ. ಮೊದಲು ಒಂದು ಕಥೆಗೆ ಒಂದೇ ಪಾಠ ಗೊತ್ತುಮಾಡಿಕೊಳ್ಳಿ. ‘ಅರ್ಧ’ದ ಲೆಕ್ಕ ಕಲಿಸಬೇಕೆನ್ನಿ. ಸಂತೆಯಲ್ಲಿ ಪುಟ್ಟಿ ಅಜ್ಜಿಯ ಪಕ್ಕ ಕೂತು ನಿಂಬೆಹಣ್ಣು ಮಾರುತ್ತಿದ್ದಾಳೆ. ‘ಅರ್ಧ ಡಜನ್ ಕೊಡಮ್ಮಾ’ ಎನ್ನುತ್ತಾರೆ ಗಿರಾಕಿ. ನಾಲ್ಕು ಕೊಡಬೇಕೋ, ಆರೋ? ಇಂಥ ಒಂದೊಂದು ಸನ್ನಿವೇಶವನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ.

ನಾಲ್ಕು ಎಂದ ಮಗುವಿಗೆ ‘ತಪ್ಪು, ಮತ್ತೆ ಪ್ರಯತ್ನಿಸು’ ಎಂದು ಬರೆದಿರೋ, ಕಥೆ ಅಲ್ಲಿಗೇ ಪ್ರಶ್ನೆಪತ್ರಿಕೆಯಾಯಿತು. ಅದರ ಬದಲು ಗಿರಾಕಿ ಚೀಲ ಹಿಡಿದು ಸಿಡಿಮಿಡಿಗುಟ್ಟುತ್ತಾ ವಾಪಸು ಬರಲಿ: ‘ಎರಡು ಹಣ್ಣು ನುಂಗಿಬಿಟ್ಟೆಯಲ್ಲೇ!’ ಅಜ್ಜಿ ಹನ್ನೆರಡು ಹಣ್ಣನ್ನು ಗೋಣಿತಾಟಿನ ಮೇಲೆ ಎರಡು ಸಾಲಾಗಿ ಜೋಡಿಸಿ, ಒಂದು ಸಾಲನ್ನು ಗಿರಾಕಿಯತ್ತ ಸರಿಸಲಿ. ಆರು ಎಂದ ಮಗುವಿಗೆ ಈ ವಿವರಣೆ ಬೇಡ; ಗಿರಾಕಿ ದುಡ್ಡು ಕೊಟ್ಟು ಹೊರಡಲಿ. ಮುಂದೆ ಇಬ್ಬರಿಗೂ ಎದುರಾಗುವುದು ಕಾಲು ಡಜನ್ ಕೇಳುವವರು.

ದಾರಿಗಳನ್ನು ಹೀಗೆ ಮತ್ತೆ ಕೂಡಿಸದಿದ್ದರೆ ಕಥೆ ಕೈಮೀರುತ್ತದೆ. ತಿರುವಿಗೆ ಎರಡರಂತೆ ಕವಲೊಡೆಯುತ್ತಲೇ ಹೋದರೆ ಐದು ತಿರುವು ಮುಗಿಯುವಷ್ಟರಲ್ಲಿ 63 ಪುಟ. ಪ್ರತಿ ಸಲವೂ ಕೂಡಿಸಿದರೆ 16 ಸಾಕು.

ಈಗ ಟ್ವೈನ್ ತೆರೆದು ಚೀಟಿಗೊಂದು ಪುಟ ಮಾಡಿ. ಪುಟದ ಕೊನೆಗೆ [[ಆರು ಕೊಡು->ಗಿರಾಕಿ ಹೊರಟರು]] ಎಂದು ಬರೆದರೆ, ಬಾಣದ ಎಡಗಡೆಯದು ಮಗು ಒತ್ತುವ ಉತ್ತರ, ಬಲಗಡೆಯದು ಮುಂದಿನ ಪುಟದ ಹೆಸರು. ಆ ಹೆಸರಿನ ಪುಟ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಮುಗಿದ ಮೇಲೆ ‘ಪಬ್ಲಿಷ್ ಟು ಫೈಲ್’ ಒತ್ತಿ ಕಡತವನ್ನು ಇಳಿಸಿಕೊಳ್ಳಿ. ಅದನ್ನು ಓದಲು ಇಂಟರ್‌ನೆಟ್ ಬೇಡ. ಈ ಹೆಜ್ಜೆ ಬಿಡಬೇಡಿ. ಕೆಲಸವೆಲ್ಲ ಬ್ರೌಸರ್‌ನಲ್ಲೇ ಉಳಿದಿರುತ್ತದೆ, ಅದರ ಡೇಟಾ ಅಳಿಸಿದರೆ ಕಥೆಯೂ ಹೋಯಿತು.

ಸ್ವಂತ ಕಥೆ ಹೊಳೆಯದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣ ನೋಡಿ. ಅಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ; ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಬದಲಿಸಿಕೊಳ್ಳಬಹುದು.

ಕೊನೆಗೆ ಮಗುವಿನ ಕೈಗೆ ಕೊಟ್ಟು ಸುಮ್ಮನೆ ನೋಡಿ. ಬೆರಳು ತಡವರಿಸಿದ ಪುಟದಲ್ಲಿ ವಾಕ್ಯ ಉದ್ದವಾಗಿರುತ್ತದೆ, ಕತ್ತರಿಸಿ. ಗಿರಾಕಿಯ ಬೈಗುಳ ಕೇಳಲೆಂದೇ ಮಗು ಬೇಕಂತಲೇ ‘ನಾಲ್ಕು’ ಒತ್ತುತ್ತಿದ್ದರೆ ತಡೆಯಬೇಡಿ; ಬೈಗುಳಕ್ಕೆ ಇನ್ನೊಂದು ಸಾಲು ಸೇರಿಸಿ.