ಬಾಳೆಕರೆ ಹೋಗುತ್ತದೆ, ನಾನು ತೆಗೆದಿದ್ದೇನೆ

ಹೋದ ಮದುವೆ ಸೀಸನ್ನಿನಲ್ಲಿ ಸಾಗರದ ನನ್ನ ಲಾಂಡ್ರಿಗೆ ಬಾಳೆಕರೆ, ಅಂದರೆ ಬಾಳೆಗಿಡದ ರಸದ ಕಲೆ, ಹಿಡಿದ ಪಂಚೆ, ಶಲ್ಯ, ಬಿಳಿ ಅಂಗಿ ಎಲ್ಲ ಸೇರಿ 70ರ ಹತ್ತಿರ ಬಂದವು. ಆಗಲಿಲ್ಲ ಎಂದು ವಾಪಸ್ ಕೊಟ್ಟದ್ದು ಐದೋ ಆರೋ. ಉಳಿದದ್ದೆಲ್ಲ ಬೆಳ್ಳಗಾಗಿ ಹೋದವು.

ಈ ಲೆಕ್ಕವನ್ನು ಬರೆಯಲು ಕಾರಣ ನಮ್ಮ ಭಾವ. ಶಿವಮೊಗ್ಗದಲ್ಲಿ ಅವರದ್ದು ದೊಡ್ಡ ಲಾಂಡ್ರಿ, ಮೂರು ಮೆಷಿನ್ನು, ನಾಲ್ಕು ಹುಡುಗರು. ನಾಲ್ಕು ವರ್ಷದ ಹಿಂದೆ ಅಕ್ಕನ ಮನೆ ಊಟದಲ್ಲಿ ಎಲ್ಲರ ಎದುರಿಗೇ ಅಂದಿದ್ದರು: "ಬಾಳೆಕರೆ ಬಟ್ಟೆ ಹರಿದು ಹೋದ್ಮೇಲೂ ಇರುತ್ತೆ ಮಾರಾಯಾ. ಗಿರಾಕಿಗೆ ಸುಮ್ನೆ ಆಸೆ ತೋರಿಸ್ಬೇಡ." ಹೊಟ್ಟೆಗೆ ಹೋದ ಪಾಯಸ ಅಲ್ಲೇ ಹುಳಿಯಾಯಿತು.

ಕಲೆ ಹೇಗೆ ಬರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಚಪ್ಪರಕ್ಕೆ ಬಾಳೆಮರ ಕಟ್ಟುವಾಗಲೋ, ಎಲೆ ಕೊಯ್ಯುವಾಗಲೋ ನಾಲ್ಕು ಹನಿ ಬೀಳುತ್ತದೆ. ಆಗ ನೋಡಿದರೆ ಬರೀ ನೀರು. ಮನೆಗೆ ಹೋಗಿ ಬಾರ್ ಸೋಪು ತಿಕ್ಕುತ್ತಾರೆ, ಸೋಪಿನ ಕ್ಷಾರಕ್ಕೆ ಕಂದು ಎದ್ದು ಬರುತ್ತದೆ. ಗಾಬರಿಯಾಗಿ ವಾಷಿಂಗ್ ಸೋಡಾ ಹಾಕುತ್ತಾರೆ, ಇನ್ನೂ ಕಪ್ಪು. ಮೇಲೆ ಇಸ್ತ್ರಿ ಎಳೆದು ಟ್ರಂಕಿಗೆ ಹಾಕುತ್ತಾರೆ. ಮುಂದಿನ ವರ್ಷ ಇನ್ನೊಂದು ಮದುವೆ ಬಂದಾಗ ತೆಗೆದು ನಮ್ಮ ಹತ್ತಿರ ತರುತ್ತಾರೆ. ಅಷ್ಟೊತ್ತಿಗೆ ಆ ಜಾಗ ಮುಟ್ಟಿದರೆ ಕಾಗದದ ಹಾಗೆ ಗಟ್ಟಿ.

ಮೊದಲ ಐದಾರು ವರ್ಷ ನಾನೂ ಎಲ್ಲರ ಹಾಗೆ ಹೈಪೋ, ಅಂದರೆ ಕ್ಲೋರಿನ್ ಬ್ಲೀಚ್, ಸುರಿದವನೇ. ಕಪ್ಪು ಸ್ವಲ್ಪ ಇಳಿದು ಹಳದಿಯಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇನ್ನೂ ಸುರಿದರೆ ಬಟ್ಟೆ ಜಾಳಾಗುತ್ತದೆ. ಹೈಡ್ರೋಸ್ ಅನ್ನುವ ಬಣ್ಣ ತೆಗೆಯುವ ಪುಡಿ ನೋಡಿದೆ. ಬಕೆಟ್‌ನಲ್ಲಿ ಇರುವಾಗ ಮಾಯ, ಗಾಳಿಗೆ ಹಾಕಿದ ಮೇಲೆ ಮತ್ತೆ ಹಾಜರ್. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ನೀರು, ಯಾವುದೂ ಬಿಟ್ಟಿಲ್ಲ. ಒಂದು ಸಲ ಅವಸರದಲ್ಲಿ ಹೈಪೋ ಇದ್ದ ಬಕೆಟ್‌ಗೇ ತುಕ್ಕು ತೆಗೆಯುವ ಆಕ್ಸಾಲಿಕ್ ಆಸಿಡ್ ಪುಡಿ ಹಾಕಿಬಿಟ್ಟೆ. ಹಸಿರು ಹಳದಿ ಹೊಗೆ ಎದ್ದು ಗಂಟಲು ಹಿಡಿಯಿತು. ಮನೆಯವಳು ರಟ್ಟೆ ಹಿಡಿದು ಹೊರಗೆ ಎಳೆಯದಿದ್ದರೆ ಏನಾಗುತ್ತಿತ್ತೋ. ಅದು ಕ್ಲೋರಿನ್. ಎರಡು ವಾರ ಕೆಮ್ಮಿದೆ. ಇದೊಂದನ್ನು ಮಾತ್ರ ದಯವಿಟ್ಟು ನೀವು ಮಾಡಿ ನೋಡಬೇಡಿ.

ದುಡ್ಡಿನ ಪೆಟ್ಟೂ ಕಡಿಮೆ ಇರಲಿಲ್ಲ. ಒಂದು ರೇಷ್ಮೆ ಸೀರೆಯ ಸೆರಗಿಗೆ ಹೈಪೋ ತಾಗಿಸಿ, ಅದು ಹಳದಿ ತಿರುಗಿ ಪುಡಿಯಾಗಿ, 6,500 ರೂಪಾಯಿ ಕಟ್ಟಿಕೊಟ್ಟೆ. ಪಂಚೆಗಳ ಲೆಕ್ಕ ಬರೆದಿಟ್ಟಿಲ್ಲ. ಒಟ್ಟು 12 ಸಾವಿರ ಹೋಗಿರಬಹುದು. ಮನೆಯವಳು 15 ಅನ್ನುತ್ತಾಳೆ.

ದಾರಿ ತೋರಿಸಿದ್ದು ನಮ್ಮ ಬೀದಿಯ ಒಬ್ಬರು ಅಜ್ಜ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಇಸ್ತ್ರಿಗೆ ಬಂದವರು ಟೇಬಲ್ ಮೇಲಿದ್ದ ಪಂಚೆ ನೋಡಿ, "ಇದೇನು, ಮಸಿ ಚೆಲ್ಲಿದ್ಯಾ?" ಅಂದರು. ಅಲ್ಲ ಅಜ್ಜ, ಬಾಳೆಕರೆ ಅಂದೆ. "ಎರಡೂ ಒಂದೇ ಅಲ್ವೇನೋ" ಅಂದರು. ಅವರ ಅಪ್ಪನ ಕಾಲದಲ್ಲಿ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಮನೆಯಲ್ಲೇ ಮಸಿ ಮಾಡುತ್ತಿದ್ದರಂತೆ. ಅಳಲೆಯ ಒಗರು, ಅನ್ನಭೇದಿಯ ಕಬ್ಬಿಣ, ಎರಡೂ ಸೇರಿದರೆ ಕಪ್ಪು. ಅಂಗಿಗೆ ಮಸಿ ಬಿದ್ದರೆ ಆಕ್ಸಾಲಿಕ್‌ನಲ್ಲಿ ಅದ್ದುತ್ತಿದ್ದರಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬಾಳೆಯಲ್ಲೂ ಒಗರಿದೆ. ಕಬ್ಬಿಣದ ಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈಯೂ ಕಪ್ಪು, ಕತ್ತಿಯೂ ಕಪ್ಪು. ಸ್ಟೀಲ್ ಚಾಕುವಿನಲ್ಲಿ ಅಷ್ಟಾಗುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ವರ್ಷದಿಂದ ಕಣ್ಣೆದುರಿಗೇ ಇತ್ತು. ಬಾವಿ ನೀರಿನ ಮನೆಗಳಿಂದ ಬರುವ ಕಲೆ ಕಂದು, ಬೋರ್‌ವೆಲ್ ಮನೆಗಳಿಂದ ಬರುವ ಕಲೆ ಕಡುಗಪ್ಪು. ನಮ್ಮ ಬೋರ್ ನೀರನ್ನು ಬಕೆಟ್‌ನಲ್ಲಿ ಇಟ್ಟರೆ ಬೆಳಗ್ಗೆ ತಳದಲ್ಲಿ ಕೆಂಪು ಗಸಿ ನಿಂತಿರುತ್ತದೆ. ಅದೇ ಕಬ್ಬಿಣ. ಅಂದರೆ ಇರುವುದು ಒಂದು ಕಲೆಯಲ್ಲ, ಒಗರಿನದ್ದೊಂದು, ಕಬ್ಬಿಣದ್ದೊಂದು. ನಾವು ಒಗರಿಗೆ ಹೊಡೆಯುತ್ತಾ ಇದ್ದೆವು, ಕಬ್ಬಿಣ ಆರಾಮಾಗಿ ಕೂತಿತ್ತು.

ಆಕ್ಸಾಲಿಕ್ ನಿಮಗೇನು ಹೊಸದಲ್ಲ. ತುಕ್ಕಿಗೆ ಲಾಂಡ್ರಿಯವರೆಲ್ಲರೂ ಹಾಕುತ್ತೇವೆ. ಆದರೆ ಬಾಳೆಕರೆಗೆ ಹಾಕಿದವರೆಲ್ಲ ಕೊನೆಯಲ್ಲಿ ಹಾಕಿ, ಆಗಲಿಲ್ಲ ಎಂದು ಕೈ ಬಿಟ್ಟಿದ್ದಾರೆ. ನಾನು ತಿರುಗಿಸಿ ಹಾಕಿದೆ. ಮೊದಲು ಹುಳಿ, ಅಂದರೆ ಆಕ್ಸಾಲಿಕ್, ಆಮೇಲೆ ಆಕ್ಸಿಜನ್ ಬ್ಲೀಚ್, ಅದೇ ಸೋಡಿಯಂ ಪರ್‌ಕಾರ್ಬೊನೇಟ್.

ಮೊದಲು ಕೈ ಹಾಕಿದ್ದು ನಮ್ಮ ಮನೆಯದ್ದೇ ಹಳೇ ಪಂಚೆಗೆ. ಅದರ ಮೂಲೆಯಲ್ಲಿ ನಮ್ಮಜ್ಜ ಹಾಕಿದ ಗುರುತು ಇದೆ, ಎರಡು ಗೆರೆ ಒಂದು ಚುಕ್ಕಿ. ಕರಿಗೇರು ಬೀಜದ ರಸಕ್ಕೆ ಸುಣ್ಣ ತಾಗಿಸಿ ಹಾಕುತ್ತಿದ್ದ ಮಡಿವಾಳರ ಗುರುತು. ಅದು ಯಾವ ಔಷಧಿಗೂ ಜಗ್ಗುವುದಿಲ್ಲ. ಪಂಚೆಯ ಮಧ್ಯದಲ್ಲಿ ಅಂಗೈ ಅಗಲದ ಬಾಳೆಕರೆ, ಕಡಿಮೆ ಅಂದರೂ ಎಂಟು ವರ್ಷದ್ದು. ಸಂಜೆ ನಾಲ್ಕಕ್ಕೆ ಶುರು ಮಾಡಿದೆ. ಬೆಳಗ್ಗೆ ಬಿಸಿಲಿಗೆ ಹಿಡಿದಾಗ ಕರೆ ಹೋಗಿತ್ತು, ಅಜ್ಜನ ಗುರುತು ಹಾಗೇ ಇತ್ತು. ಮನೆಯವಳನ್ನು ಕರೆದು ತೋರಿಸಿದೆ. ಎರಡೂ ಕಡೆ ತಿರುವಿ ನೋಡಿದಳು. "ಬೇರೆ ಪಂಚೆ ತಂದಿಟ್ಟಿಲ್ಲ ತಾನೆ?" ಅಂದಳು.

ಈಗ ಮಾಡುವುದು ಹೀಗೆ. ಐದು ಲೀಟರ್ ನೀರು, ಕೈ ಇಡಬಹುದಾದಷ್ಟು ಬಿಸಿ, ನಾಲ್ಕು ದೊಡ್ಡ ಚಮಚ ಆಕ್ಸಾಲಿಕ್. ಪ್ಲಾಸ್ಟಿಕ್ ಬಕೆಟ್, ಕೈಗೆ ಗ್ಲೌಸ್. ಇದು ವಿಷ, ಡಬ್ಬ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. 20 ನಿಮಿಷ ಬಿಡುತ್ತೇನೆ, ಜಾಸ್ತಿ ಅಂದರೆ ಅರ್ಧ ಗಂಟೆ. ಕಪ್ಪು ಹೋಗಿ ತಿಳಿ ಕಂದು ಉಳಿಯುತ್ತದೆ. ಅಲ್ಲಿಗೆ ಕಬ್ಬಿಣ ಬಿಟ್ಟಿತು ಎಂದು ಲೆಕ್ಕ. ಆಮೇಲೆ ಮೂರು ನೀರಿನಲ್ಲಿ ಜಾಲಿಸಿ, ಬೇರೆ ಬಕೆಟ್‌ನಲ್ಲಿ ಐದು ಲೀಟರ್‌ಗೆ ಐದು ಚಮಚ ಪರ್‌ಕಾರ್ಬೊನೇಟ್. ಈ ನೀರು 60 ಡಿಗ್ರಿ ಬೇಕು. ತಣ್ಣೀರಿನಲ್ಲಿ ಅದು ಮಲಗಿರುತ್ತದೆ. ನಾನು ಬಚ್ಚಲ ಹಂಡೆಯ ನೀರನ್ನೇ ಬಳಸುತ್ತೇನೆ, ಒಂದು ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ರಾತ್ರಿಯಿಡೀ ಮುಚ್ಚಳ ಸಡಿಲ ಮಾಡಿ ಬಿಡುವುದು. ಬಿಗಿಯಾಗಿ ಮುಚ್ಚಿದರೆ ಗ್ಯಾಸಿಗೆ ಮುಚ್ಚಳ ಹಾರುತ್ತದೆ, ನಮ್ಮಲ್ಲಿ ಹಾರಿದೆ.

ಕೇಳಲು ಸುಲಭ. ಕೈಗೆ ಹತ್ತಲು ಎರಡು ವರ್ಷ ಬೇಕಾಯಿತು.

ಮೊದಲ ತೊಂದರೆ ನೀರಿನದ್ದು. ಬೋರ್ ನೀರಿನಲ್ಲಿ ಆಕ್ಸಾಲಿಕ್ ಕರಗಿಸಿದರೆ ನೀರು ಹಾಲಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬಿಳಿ ಹಿಟ್ಟಾಗಿ ಬಟ್ಟೆಯ ಮೇಲೇ ಕೂರುತ್ತದೆ. ಔಷಧಿಯ ಸ್ವಲ್ಪ ಶಕ್ತಿಯೂ ಅಲ್ಲೇ ಖರ್ಚು. ನಾನು ಇದನ್ನು ಕಳಪೆ ಪುಡಿ ಎಂದುಕೊಂಡು ಅಂಗಡಿಯವನ ಹತ್ತಿರ ಜಗಳ ಮಾಡಿ ಬಂದಿದ್ದೆ. ಪಾಪ ಅವನು. ಈಗ ಮಾಡಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಹುಳಿ ಕೆಲಸಕ್ಕೆ ಅದನ್ನೇ ಬಳಸುತ್ತೇನೆ. ಮಲೆನಾಡಿನಲ್ಲಿ ಇದ್ದುಕೊಂಡು ಮಳೆನೀರಿಗೆ ಬಡತನವೇ?

ಎರಡನೆಯದು ತೊಳೆಯುವುದು. ಒಂದು ಪಂಚೆಯನ್ನು ಒಂದೇ ನೀರಿನಲ್ಲಿ ಜಾಲಿಸಿ ಒಣಗಿಸಿದೆ. ಇಸ್ತ್ರಿ ಇಟ್ಟ ಕೂಡಲೇ ಕಲೆ ಇದ್ದ ಜಾಗ ಹಪ್ಪಳದ ಹಾಗೆ ಮುರಿಯಿತು. ಹತ್ತಿಯಲ್ಲಿ ಉಳಿದ ಹುಳಿ ನೀರು ಆರಿದ ಹಾಗೆ ಕಡಕಾಗಿ ನೂಲನ್ನು ತಿಂದಿತ್ತು. 900 ರೂಪಾಯಿ ಕಟ್ಟಿದೆ.

ಮೂರನೆಯದು ಅವಸರ. ಕಬ್ಬಿಣ ಪೂರ್ತಿ ಹೋಗದೆ ಪರ್‌ಕಾರ್ಬೊನೇಟ್‌ಗೆ ಹಾಕಿದರೆ ಬುರಬುರ ನೊರೆ ಬರುತ್ತದೆ. ಒಳ್ಳೇ ಕೆಲಸ ನಡೆಯುತ್ತಿದೆ ಎಂದು ಖುಷಿಯಾಗುತ್ತದೆ. ಹಾಗಲ್ಲ. ಕಬ್ಬಿಣ ತಾಗಿ ಬ್ಲೀಚು ಒಂದೇ ಸಲಕ್ಕೆ ಒಡೆದು ಅಲ್ಲೇ ನೂಲನ್ನು ಕಡಿಯುತ್ತಿರುತ್ತದೆ. ಮರುದಿನ ಸೂಜಿ ಚುಚ್ಚಿದ ಹಾಗೆ ತೂತು. ಕಲೆಯ ಆಕಾರದಲ್ಲೇ ತೂತು! ನಮ್ಮವರು "ಬಾಳೆಕರೆ ಬಟ್ಟೆ ತಿನ್ನುತ್ತದೆ" ಅನ್ನುವುದು ಇದಕ್ಕೇ ಇರಬೇಕು. ಕಪ್ಪಿನ ನೆರಳು ಕಂಡರೂ ನಾನು ಎರಡನೇ ಸಲ ಹುಳಿಗೆ ಹಾಕುತ್ತೇನೆ, ಬ್ಲೀಚಿಗೆ ಹೋಗುವುದಿಲ್ಲ.

ವರ್ಷಗಟ್ಟಲೆ ಗಟ್ಟಿಯಾದ ಕಲೆಗೆ ಹುಳಿ ಒಳಗೆ ಇಳಿಯಲು ಮೊದಲು ಒಂದು ರಾತ್ರಿ ಇನ್ನೊಂದರಲ್ಲಿ ನೆನೆಸುತ್ತೇನೆ. ಅದು ಏನು ಎಂದು ಬರೆಯುವುದಿಲ್ಲ. ಸೋಪಲ್ಲ, ಸೋಡಾ ಅಲ್ಲ, ಅಡುಗೆಮನೆಯಲ್ಲೇ ಇರುತ್ತದೆ. ನನಗೂ ಹೊಟ್ಟೆಪಾಡು ಇದೆ ಅಲ್ವಾ?

ಇದರ ಮಧ್ಯೆ ಸುಮಾರು ಆಟ ಆಡಿದ್ದೇನೆ. ಅಮ್ಮ ಹುಳಿ ಮಜ್ಜಿಗೆ ಹಾಕು ಅಂದಳು, ಹಾಕಿದೆ. ಹೊಸ ಕಲೆಗೆ ಪರವಾಗಿಲ್ಲ, ಹಳೇದಕ್ಕೆ ವಾಸನೆ ಮಾತ್ರ ಲಾಭ. ಬಿಂಬುಳಿ ಮಾತ್ರ ಆಶ್ಚರ್ಯ ಹುಟ್ಟಿಸಿತು. ಕರಾವಳಿಯ ನೆಂಟರ ಮನೆಯಿಂದ ಒಂದು ಚೀಲ ತಂದು ಜಜ್ಜಿ ಕಲೆಗೆ ಕಟ್ಟಿಟ್ಟೆ. ಕಪ್ಪು ಮುಕ್ಕಾಲು ಭಾಗ ಇಳಿಯಿತು. ಆ ಕಾಯಿಯಲ್ಲಿ ಇರುವ ಹುಳಿಯೂ ಆಕ್ಸಾಲಿಕ್ಕೇ. ಆದರೆ ಒಂದು ಪಂಚೆಗೆ ಅರ್ಧ ಕೆಜಿ ಕಾಯಿ ಬೇಕು, ಉಪ್ಪಿನಕಾಯಿ ಹಾಕುವುದೇ ವಾಸಿ.

ಆಮೇಲೆ ಬೋರ್ಡೋ. ನಮ್ಮ ಅಡಿಕೆ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ಇದೇ ಬೋರ್ಡೋ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ತೋರಿಸಿಕೊಟ್ಟ ಔಷಧಿ ಇನ್ನೂ ನಡೆಯುತ್ತಿದೆ. ಅದರ ನೀಲಿ ಹಸಿರು ಕಲೆ ಹಿಡಿದ ಅಂಗಿಗೆ, ಗೆದ್ದ ಗರ್ವದಲ್ಲಿ, ಆಕ್ಸಾಲಿಕ್ ಹಾಕಿದೆ. ತಿಳಿ ನೀಲಿ ಹಿಟ್ಟಾಗಿ ಬಟ್ಟೆಗೇ ಅಂಟಿತು. ತಾಮ್ರಕ್ಕೂ ಸುಣ್ಣಕ್ಕೂ ಈ ಹುಳಿ ಆಗಿಬರುವುದಿಲ್ಲ. ಹೊಸ ಕಲೆಗೆ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಹಾಕಿದೆ, ಹತ್ತು ನಿಮಿಷದಲ್ಲಿ ಬಿಟ್ಟಿತು. ಮನೆಯಲ್ಲಿ ತೋಟ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಬೇರೆಯದೇ ಕತೆ. ಬೇಯಿಸಿದ ಚೊಗರು ಬಟ್ಟೆಗೆ ಬಿದ್ದು ಒಣಗಿದರೆ ವಾರ್ನಿಶ್ ಹಚ್ಚಿದ ಹಾಗೆ. ಹುಳಿಗೆ ಕಪ್ಪು ಹೋಗುತ್ತದೆ, ಕೆಂಪು ಹೋಗುವುದಿಲ್ಲ. ಪರ್‌ಕಾರ್ಬೊನೇಟ್ ಮೂರು ಸಲ ಹಾಕಿದ ಮೇಲೆ ಚಹಾ ಬಣ್ಣಕ್ಕೆ ಬಂತು, ಅಲ್ಲಿಗೆ ಬಿಟ್ಟೆ. ಸುಗ್ಗಿಯಲ್ಲಿ ಉಡುವ ಬಟ್ಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ನಿಮಗೆಲ್ಲ ಗೊತ್ತೇ ಇದೆ.

ಖರ್ಚು ಹೇಳುತ್ತೇನೆ. ಆಕ್ಸಾಲಿಕ್ ಕೆಜಿಗೆ 150ರ ಆಸುಪಾಸು, ಪರ್‌ಕಾರ್ಬೊನೇಟ್ 200ರ ಮೇಲೆ. ಪುಟ್ಟ ಪ್ಯಾಕೆಟ್ ತಗೊಂಡರೆ ದುಪ್ಪಟ್ಟು ಬೀಳುತ್ತದೆ, ಐದು ಕೆಜಿ ಚೀಲ ತರಿಸಿ. ಒಂದು ಬಕೆಟ್‌ಗೆ ಎರಡು ಪಂಚೆ ಹಾಕಿದರೆ ಪಂಚೆಗೆ 15 ರೂಪಾಯಿ ಮುಟ್ಟುತ್ತದೆ, ಸೌದೆ ಬಿಟ್ಟು. ನಾನು 120 ತಗೊಳ್ಳುತ್ತೇನೆ, ಹೋಗದಿದ್ದರೆ ಬರೀ ತೊಳೆದ ದುಡ್ಡು. ಚೌಕಾಸಿ ಮಾಡುವವರಿಗೆ ಹೊಸ ಪಂಚೆಯ ರೇಟು ಕೇಳಿಕೊಂಡು ಬನ್ನಿ ಅನ್ನುತ್ತೇನೆ.

ಬಣ್ಣದ ಬಟ್ಟೆಗೆ ಒಳ ಹೊಲಿಗೆಯಲ್ಲಿ ಒಂದು ಹನಿ ಹಾಕಿ ನೋಡದೆ ಕೈ ಇಡುವುದಿಲ್ಲ. ಜರಿ ಅಂಚಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿ ಹೊರಗೆ ಇಡುತ್ತೇನೆ. ರೇಷ್ಮೆಗೆ ಪರ್‌ಕಾರ್ಬೊನೇಟ್ ಮುಟ್ಟಿಸಬಾರದು, ಅದರ ಕ್ಷಾರಕ್ಕೆ ರೇಷ್ಮೆ ತಡೆಯುವುದಿಲ್ಲ. 6,500ರ ಸೀರೆಯ ನೆನಪು ಇನ್ನೂ ಹಸಿಯಾಗಿದೆ, ರೇಷ್ಮೆ ತಂದವರಿಗೆ ಕೈ ಮುಗಿದು ಕಳಿಸುತ್ತೇನೆ.

ಭಾವ ಮೊದಲು ನಂಬಲಿಲ್ಲ. ಫೋಟೋ ಕಳಿಸಿದರೆ ಲೈಟ್ ಜಾಸ್ತಿ ಇದೆ ಅಂದರು. ಹೋದ ತಿಂಗಳು ಶಿವಮೊಗ್ಗದ ಬಸ್ಸಿನಲ್ಲಿ ಒಂದು ಗಂಟು ಬಂತು, ಬಿಚ್ಚಿದರೆ 11 ಪಂಚೆ. ಫೋನ್ ಮಾಡಿ "ಇವನ್ನ ನೋಡು, ರೇಟಲ್ಲಿ ಸ್ವಲ್ಪ ನೋಡ್ಕೊಂಡು ಮಾಡು" ಅಂದರು. ಅಕ್ಕನ ಮುಖ ನೋಡಿ 100 ಹಾಕಿದೆ. ಒಂಬತ್ತು ಹೋದವು, ಎರಡು ಮೊದಲೇ ಹೈಪೋ ಕುಡಿದಿದ್ದವು. ಆ ಎರಡರ ದುಡ್ಡು ಹಿಡಿದುಕೊಂಡಿದ್ದಾರೆ, ಇನ್ನೂ ಕೊಟ್ಟಿಲ್ಲ.