ಪಿಕಪ್ ತಗಡಿಗೆ ತುಕ್ಕು ಹಿಡಿದಿದೆಯಾ? ಮೊದಲು ಹಿಂಬದಿ ನೋಡಿ

ಹೋದ ವರ್ಷ ನಮ್ಮ ಹಳೆಯ ಪಿಕಪ್‌ನ ಎಡಬಾಗಿಲಿನ ಕೆಳಗೆ ಬಣ್ಣ ಉಬ್ಬಿತ್ತು. ಕಡಲೆಕಾಳಿನಷ್ಟು ನಾಲ್ಕೈದು ಗುಳ್ಳೆ, ಅಷ್ಟೇ. ಉಗುರಿನಿಂದ ಒಂದನ್ನು ಕೆರೆದೆ. ಬಣ್ಣದ ಜೊತೆ ಪುಟ್ಟಿಯೂ ಹಕ್ಕಳೆಯಾಗಿ ಕಿತ್ತು ಬಂತು. ಅದರ ಹಿಂದೆ ತಗಡೇ ಇರಲಿಲ್ಲ. ಬೆರಳು ಸೀದಾ ಬಾಗಿಲಿನ ಒಳಗೆ ಹೋಯಿತು. ಎರಡು ವರ್ಷದ ಹಿಂದೆ ಅದೇ ಜಾಗಕ್ಕೆ ದುಡ್ಡು ಕೊಟ್ಟು ರಿಪೇರಿ ಮಾಡಿಸಿ, ತುಕ್ಕು ಪೂರ್ತಿ ಹೋಯಿತೆಂದು ನಂಬಿದ್ದೆವು.

ಈ ಸಲ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಬ್ಬ ವಯಸ್ಸಾದ ಟಿಂಕರಿಂಗ್ ಮೇಸ್ತ್ರಿ ಹತ್ತಿರ ಗಾಡಿ ಒಯ್ದೆ. ಅವರು ತೂತನ್ನು ನೋಡಿ, "ಪುಟ್ಟಿ ಹಚ್ಚಿದ್ರ ತುಕ್ಕು ಮುಚ್ಚತೈತ್ರಿ ಅಣ್ಣಾರ, ಹೋಗಂಗಿಲ್ಲ" ಎಂದರು. ನಾಲ್ಕು ದಿನ ಅವರ ಜೊತೆ ಕೈಹಚ್ಚಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗ್ರೈಂಡರ್ ಹಿಡಿದು ರೂಢಿ ಇದ್ದವರು ಸಣ್ಣ ಕೆಲಸ ಮನೆಯಲ್ಲೇ ಮಾಡಬಹುದು. ರೂಢಿ ಇಲ್ಲದಿದ್ದರೂ, ಮೇಸ್ತ್ರಿಯನ್ನು ಏನು ಕೇಳಬೇಕು ಅಂತ ಗೊತ್ತಿದ್ದರೆ ದುಡ್ಡು ದಂಡವಾಗುವುದಿಲ್ಲ.

ನೀರು ಎಲ್ಲಿ ನಿಲ್ಲುತ್ತದೆ?

ನಮ್ಮ ಕಡೆಯ ಪಿಕಪ್‌ಗಳು ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ, ಬ್ಯಾಡಗಿಗೆ ಮೆಣಸಿನಕಾಯಿ ಹೊರುತ್ತವೆ. ವಾಪಸ್ ಬರುವಾಗ ಗೊಬ್ಬರದ ಚೀಲ ಹೇರಿಕೊಂಡು ಬರುತ್ತವೆ. ಈ ಗೊಬ್ಬರವೇ ತಗಡಿಗೆ ದೊಡ್ಡ ವೈರಿ. ಯೂರಿಯಾ, ಪೊಟ್ಯಾಷ್ ಎರಡೂ ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಳ್ಳುತ್ತವೆ. ಪೊಟ್ಯಾಷ್‌ನಲ್ಲಿ ಅಡುಗೆ ಉಪ್ಪಿನ ಹಾಗೆ ಕ್ಲೋರೈಡ್ ಬೇರೆ ಇರುತ್ತದೆ. ಹರಿದ ಚೀಲದಿಂದ ಒಂದು ಹಿಡಿ ಉದುರಿ ಮೂಲೆ ಸೇರಿದರೂ ಸಾಕು, ಕೆಳಗಿನ ತಗಡನ್ನು ತಿನ್ನುತ್ತಲೇ ಇರುತ್ತದೆ. ಇನ್ನು ಗದಗ, ನರಗುಂದದ ಕಡೆ ಓಡಾಡುವ ಗಾಡಿಗಳ ಮಡ್‌ಗಾರ್ಡ್ ಮಡಿಕೆಯಲ್ಲಿ ಎರೆಮಣ್ಣು ಕೂತಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿ ಇರುತ್ತದೆ.

ಬಾಗಿಲಿನ ಕಥೆ ಬೇರೆ. ಕಿಟಕಿ ಗಾಜಿನ ರಬ್ಬರ್ ಸಂದಿಯಿಂದ ಮಳೆನೀರು ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಧೂಳು ತುಂಬಿ ಅವು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಹೊರಗೆ ದಬ್ಬುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಹೋಗಿರುತ್ತದೆ.

ಪರೀಕ್ಷೆಗೆ ಒಂದು ಸಣ್ಣ ಅಯಸ್ಕಾಂತ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಎಳೆಯಿರಿ. ಹಿಡಿತ ಸಡಿಲವಾದ ಕಡೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಆಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿದು ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ದಬ್ ಅನ್ನುತ್ತದೆ. ಫೂಟ್‌ಬೋರ್ಡ್, ಕ್ಯಾಬಿನ್ ಮ್ಯಾಟ್‌ನ ಅಡಿ, ಮುಂದಿನ ಗಾಜಿನ ಕೆಳಅಂಚು ಇವನ್ನು ಬಿಡಬೇಡಿ. ಕೆಟ್ಟ ಜಾಗಕ್ಕೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ.

ಚಾಸಿ, ಕ್ಯಾಬಿನ್ ಕೂರುವ ಬ್ರಾಕೆಟ್, ಪಾಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಹಿಡಿದಿರುವ ಜಾಗದಲ್ಲಿ ತುಕ್ಕು ಆಳಕ್ಕೆ ಇಳಿದಿದ್ದರೆ ಅದು ಮನೆಯ ಕೆಲಸವಲ್ಲ. ಭಾರ ಹೊರುವುದು ಅವೇ. ಅನುಭವಿ ಕೈಗೇ ಕೊಡಿ. ಬಾಡಿಗೆ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಆ ತಾರೀಖಿಗೆ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಕತ್ತರಿಸಿ, ಹೊಸದು ಕೂರಿಸುವುದು

ಹೋಳಿಯಿಂದ ಯುಗಾದಿವರೆಗಿನ ಒಣ ದಿನಗಳು ಈ ಕೆಲಸಕ್ಕೆ ಒಳ್ಳೆಯವು. ಬ್ಯಾಟರಿಯ ನೆಗೆಟಿವ್ ಕಳಚಿ. ಕಿಡಿ ಬೀಳುವ ಕಡೆಯ ಮ್ಯಾಟ್, ಫೋಮ್, ವೈರ್ ತೆಗೆಯಿರಿ. ಇಂಧನದ ಟ್ಯಾಂಕ್, ಪೈಪ್ ಹತ್ತಿರದಲ್ಲಿದ್ದರೆ ವೆಲ್ಡಿಂಗ್ ಬೇಡ. ಕನ್ನಡಕ, ಕೈಗವಸು, ಮಾಸ್ಕ್ ಹಾಕಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಗುರುತಿನ ಜಾಗ ಉಜ್ಜಿ. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿದರೆ ಸಾಕು. ತೂತಿದ್ದರೆ ಮಾತ್ರ ಕತ್ತರಿಸಲೇಬೇಕು. ಇಲ್ಲೇ ಎಲ್ಲರೂ ಕೈ ಬಿಗಿ ಹಿಡಿಯುತ್ತಾರೆ, ತೂತಿನಷ್ಟೇ ಕತ್ತರಿಸುತ್ತಾರೆ. ಮೇಸ್ತ್ರಿ ತೂತಿನ ಸುತ್ತ ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಒಂದು ಇಂಚು ದೂರದಲ್ಲೂ ತಗಡು ಹಪ್ಪಳದ ಹಾಗೆ ಬಗ್ಗಿತು. ಇನ್ನೂ ಮುಂದೆ ಹೋದರು. ಬೆಳ್ಳಗೆ ಹೊಳೆಯುವ, ಒತ್ತಿದರೆ ಬಗ್ಗದ ತಗಡು ಸಿಕ್ಕ ಮೇಲೆಯೇ ಗೆರೆ ಎಳೆದರು.

ಹೊಸ ತುಂಡಿಗೆ ಮೊದಲು ರಟ್ಟಿನಲ್ಲಿ ಅಳತೆ ತೆಗೆಯಿರಿ. ನಾವು ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದೆವು, ಬಾಗಿಲಿನ ತಿರುವಿಗೆ ಚೆನ್ನಾಗಿ ಕೂತಿತು. ತುಂಡಿನ ಮೂಲೆ ಚೂಪಾಗಿ ಬಿಡದೆ ದುಂಡಗೆ ಮಾಡಿ. ಬಾಗಿಲಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ತಗಡು ಹೊಂದುತ್ತದೆ. ಹಿಂದಿನ ಬಾಡಿಯ ನೆಲಕ್ಕೆ ಇನ್ನೂ ದಪ್ಪ ಬೇಕು. ಜಿಐ (ಸತು ಲೇಪಿಸಿದ) ತಗಡಾದರೆ ಅಂಚಿನ ಸತುವನ್ನು ಮೊದಲೇ ತಿಕ್ಕಿ ತೆಗೆಯಿರಿ. ವೆಲ್ಡಿಂಗ್‌ನಲ್ಲಿ ಸುಟ್ಟ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಇಷ್ಟು ತೆಳು ತಗಡಿಗೆ ರಾಡ್ ವೆಲ್ಡಿಂಗ್ ಬೇಡ, ತೂತು ದೊಡ್ಡದಾಗುತ್ತದೆ. ಗ್ಯಾಸ್ ಬಿಡುತ್ತಾ ತೆಳು ತಂತಿಯಿಂದ ಬೆಸೆಯುವ ಸಿಒಟು ವೆಲ್ಡಿಂಗ್ ಸರಿ. ಗೆರೆ ಎಳೆದಂತೆ ಒಂದೇ ಸಮ ಹೊಡೆಯಬೇಡಿ, ಶಾಖಕ್ಕೆ ತಗಡು ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ. ಮೇಲೊಂದು ಚುಕ್ಕೆ, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು ಹಾಕಿ, ಕೈಯಿಂದ ಮುಟ್ಟುವಷ್ಟು ತಣಿಯಲು ಬಿಟ್ಟು, ನಡುವಿನ ಜಾಗ ತುಂಬುತ್ತಾ ಬನ್ನಿ. ತೂತಿನ ಮೇಲೆ ಸುಮ್ನೆ ತಗಡಿಟ್ಟು ರಿವೆಟ್ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡು ತಗಡಿನ ಸಂದಿಯಲ್ಲಿ ನೀರು ಕೂತು ಮತ್ತೆ ಅದೇ ಗತಿ.

ಹಿಂಬದಿ

ವೆಲ್ಡಿಂಗ್ ಶಾಖಕ್ಕೆ ತಗಡಿನ ಹಿಂಬದಿಯ ಬಣ್ಣವೂ ಸುಟ್ಟಿರುತ್ತದೆ. ಹೊರಗಿನಿಂದ ಕಾಣದ ಜಾಗ ನೋಡಿ, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ನಮ್ಮ ಬಾಗಿಲು ಎರಡೇ ವರ್ಷಕ್ಕೆ ಮತ್ತೆ ತೂತಾದದ್ದು ಅಲ್ಲಿಂದಲೇ. ಬಾಗಿಲಿನ ಒಳಪ್ಯಾನಲ್ ಬಿಚ್ಚಿದರೆ ಕೈ ಹೋಗುವಷ್ಟು ಕಿಂಡಿ ಸಿಗುತ್ತದೆ. ಬೆಸುಗೆಯ ಹಿಂಬದಿಯನ್ನು ಬ್ರಷ್‌ನಿಂದ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ, ಎಪಾಕ್ಸಿ ಪ್ರೈಮರ್ ಬಳಿಯಿರಿ. ಬಾಗಿಲಿನ ಕೆಳಅಂಚಿನ ಮಡಿಕೆಗೆ ಸೀಮ್ ಸೀಲರ್ (ಸಂದಿ ಮುಚ್ಚುವ ಪೇಸ್ಟ್) ಹಚ್ಚಿ. ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ ಉದ್ದ ನಳಿಕೆಯಿಂದ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ. ನಮ್ಮಲ್ಲಿ ಹಳೆ ಇಂಜಿನ್ ಆಯಿಲ್ ಸುರಿಯುವ ರೂಢಿ ಇದೆ. ಬೇಡ. ರಬ್ಬರ್ ಉಬ್ಬಿ ಹಾಳಾಗುತ್ತದೆ, ಎಣ್ಣೆಯೂ ಸೋರಿ ಹೋಗುತ್ತದೆ.

ಹೊರಗಡೆ ಬೆಸುಗೆ ತಿಕ್ಕಿ ಸಮ ಮಾಡಿದ ದಿನವೇ ಪ್ರೈಮರ್ ಬಳಿಯಬೇಕು. ಬರಿ ತಗಡನ್ನು ರಾತ್ರಿಯಿಡೀ ಬಿಡಬೇಡಿ. ಪುಟ್ಟಿ ಇದ್ದೇ ಇರುತ್ತದೆ, ಆದರೆ ಏರುತಗ್ಗು ಸಮ ಮಾಡುವುದಷ್ಟೇ ಅದರ ಕೆಲಸ. 2 ಮಿ.ಮೀ. ದಾಟಬಾರದು. 100 ಗ್ರಾಂ ಪುಟ್ಟಿಗೆ 2 ಗ್ರಾಂನಷ್ಟು ಹಾರ್ಡ್ನರ್ (ಗಟ್ಟಿಯಾಗಿಸುವ ಪೇಸ್ಟ್) ಹಾಕಿ. ನಮ್ಮ ಬಿಸಿಲಿಗೆ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಒಂದು ಸಲಕ್ಕೆ ನಿಂಬೆಹಣ್ಣಿನಷ್ಟೇ ಕಲಸಿ. ಪುಟ್ಟಿ ನೀರು ಹೀರುತ್ತದೆ, ಹಾಗಾಗಿ 80, 180, 320 ಪೇಪರ್ ಎಲ್ಲವನ್ನೂ ಒಣದಾಗಿಯೇ ತಿಕ್ಕಿ. ಮೇಲೆ ಪ್ರೈಮರ್, ಅದಕ್ಕೆ 600 ನಂಬರ್, ಆಮೇಲೆ ಬಣ್ಣ. ಹಾರ್ಡ್ನರ್ ಬೆರೆಸುವ ಬಣ್ಣವನ್ನು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಸ್ಪ್ರೇ ಮಾಡಬೇಡಿ. ಅದರ ಹೊಗೆ ಉಸಿರಾಟಕ್ಕೆ ಬಹಳ ಕೆಟ್ಟದ್ದು. ಪೇಂಟಿಂಗ್ ಬೂತ್‌ಗೆ ಕೊಡುವುದೇ ವಾಸಿ.

ಗೊಬ್ಬರ ಇಳಿಸಿದ ದಿನವೇ ಹಿಂದಿನ ಬಾಡಿಯನ್ನು ನೀರು ಹೊಡೆದು ತೊಳೆದು ಬಿಸಿಲಿಗೆ ನಿಲ್ಲಿಸಿ. ಮುಂಗಾರಿಗೆ ಮೊದಲು ಬಾಗಿಲಿನ ತಳದ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ. ಆಮೇಲೆ ಗಾಜಿನ ರಬ್ಬರ್ ಸಂದಿಗೆ ಒಂದು ತಂಬಿಗೆ ನೀರು ಸುರಿದು, ಬಗ್ಗಿ ಕೆಳಗೆ ನೋಡಿ. ನೀರು ಅಷ್ಟೂ ತೂತುಗಳಿಂದ ಇಳಿಯಬೇಕು. ಒಂದರಿಂದ ಇಳಿಯದಿದ್ದರೂ ಮತ್ತೆ ಕಡ್ಡಿ ಆಡಿಸಿ.